ಬಾವಿ ಹೊಲದ ಫರ್ಮಾಯಿಶ್

ಕರೆಂಟು ಬರುವ ತನಕ ಹೇಳುತ್ತೇನೆ. ನಡುವೆ ಪ್ರಶ್ನೆ ಬೇಡ.

ಮಂಠಾಳದಲ್ಲಿ ಬಸವಣಪ್ಪನ ಮನೆಯಿಂದ ಡಾಂಬರು ರಸ್ತೆಗೆ ಬರಬೇಕೆಂದರೆ ಬಾವಿಯ ಮಗ್ಗುಲಲ್ಲೇ ಬರಬೇಕು. ಬೇರೆ ದಾರಿ ಇಲ್ಲ. ಆವತ್ತು ಹೊತ್ತಾಗಿತ್ತು. ನಮ್ಮ ಬಾಜೂ ಮನೆಯ ವರ್ಷಾ ಆ ದಾರಿಯಲ್ಲಿ ಒಬ್ಬಳೇ ಬರುತ್ತಿದ್ದಳು. ಬೆನ್ನಿಗೆ ಗಿಟಾರಿನ ಚೀಲ. ಓಣಿಯನ್ನು ಪೈಪಿಗಾಗಿ ಅಗೆದಿದ್ದರು, ನನ್ನ ಆಟೊ ಒಳಗೆ ಹೋಗುವಂತಿರಲಿಲ್ಲ. ಆಂಪ್ಲಿಫೈಯರ್ ಪೆಟ್ಟಿಗೆಯನ್ನು ನಾನು ಮೊದಲೇ ಹೊತ್ತು ತಂದು ರಸ್ತೆಯಲ್ಲಿ ಕಾಯುತ್ತಿದ್ದೆ.

ಬಾವಿಯ ಹತ್ತಿರ ಅವಳಿಗೆ ಸದ್ದು ಕೇಳಿಸಿತಂತೆ.

ಗರ್... ಗರ್... ಗರ್...

ಕಪ್ಪೆಯಲ್ಲ. ಪಂಪ್ ಅಲ್ಲ. ಕಲ್ಲಿನ ಮೇಲೆ ಕಲ್ಲು ತಿರುಗುವ ಸದ್ದು. ನಡುನಡುವೆ ಕಾಳು ಸಿಕ್ಕಿ ಕರಕ್ ಎನ್ನುತ್ತಿತ್ತು. ಬೀಸುವ ಕಲ್ಲು. ಬಾವಿಯ ಒಳಗೆ.

ಅವಳು ನಿಂತಳು. ಸದ್ದೂ ನಿಂತಿತು.

"ಎಲಿ ತಿಂದಿ..." ಯಾರೋ ಪಿಸುಗುಟ್ಟಿದರು. ಹೆಣ್ಣು ಧ್ವನಿ. "ಪದ ಉಳೀತು."

"ಯಾರ್ರಿ ಅದು?"

ಗರ್... ಗರ್...

ವರ್ಷಾ ಓಡಲಿಲ್ಲ. ಅವಳು ಓಡುವ ಹೆಣ್ಣಲ್ಲ. ಬಂದು ಆಟೊ ಹತ್ತಿ, "ನಡೀರಿ ಕಾಕಾ" ಎಂದಳು. ಬಸವಕಲ್ಯಾಣ ಬರುವ ತನಕ ಅವಳು ಬಲಗೈಯನ್ನು ಸೆರಗಿಗೆ ಒರೆಸುತ್ತಲೇ ಇದ್ದಳು... ಒದ್ದೆ ಏನೂ ಇರಲಿಲ್ಲ.

ಆ ಸಂಜೆ ಆದದ್ದನ್ನು ಮೊದಲು ಹೇಳಬೇಕು.

ವರ್ಷಾ ಸ್ಟೀಲ್ ಗಿಟಾರ್ ಬಾರಿಸುತ್ತಾಳೆ. ತೊಡೆಯ ಮೇಲೆ ಅಡ್ಡ ಮಲಗಿಸಿ, ಎಡಗೈಯಲ್ಲಿ ಉಕ್ಕಿನ ತುಂಡು ಹಿಡಿದು ತಂತಿಯ ಮೇಲೆ ಜಾರಿಸುವ ಗಿಟಾರ್. ಮನುಷ್ಯರ ಕೊರಳಿನಂತೆ ಎಳೆಯುತ್ತದೆ. ಕಲಿಸಿದವನು ಅವಳ ಅಪ್ಪ ನಾಗನಾಥ. ಈಗ ಇಲ್ಲ. ಮದುವೆ, ತೊಟ್ಟಿಲು, ನಿವೃತ್ತಿ ಸಮಾರಂಭ, ಎಲ್ಲಿ ಕರೆದರೂ ಬಾರಿಸುತ್ತಿದ್ದ. ಮಂದಿ ಕೇಳಿದ ಹಾಡು ಬಾರಿಸುವುದೇ ಅವನ ಕಸುಬು. ಹಾಗೆ ಹಾಡು ಕೇಳುವುದಕ್ಕೆ ನಮ್ಮ ಕಡೆ ಫರ್ಮಾಯಿಶ್ ಎನ್ನುತ್ತೇವೆ.

ಗಂಡಸರು ಕೂತಲ್ಲಿಂದಲೇ ಕೂಗಿ ಕೇಳುತ್ತಾರೆ. ಹೆಣ್ಣುಮಕ್ಕಳು ಮಂದಿಯೊಳಗೆ ಕೂಗುವುದಿಲ್ಲ. ಅವರಿಗಾಗಿ ನಾಗನಾಥ ಒಂದು ರೂಢಿ ಮಾಡಿದ್ದ. ಎಲೆ ಅಡಿಕೆ ತಂದು ಪೆಟ್ಟಿಗೆಯ ಮೇಲಿಟ್ಟು ಹಾಡು ಯಾವುದೆಂದು ಮೆಲ್ಲಗೆ ಹೇಳಬೇಕು. ಬರದ ಹಾಡಾದರೆ ಅವನು ಎಲೆ ಮುಟ್ಟುತ್ತಿರಲಿಲ್ಲ. ಎಲೆ ಬಾಯಿಗಿಟ್ಟನೆಂದರೆ ಮಾತು ಕೊಟ್ಟಂತೆ. ಬಾರಿಸಿಯೇ ಏಳುತ್ತಿದ್ದ. ಮಗಳೂ ಅದನ್ನೇ ನಡೆಸಿಕೊಂಡು ಬಂದಿದ್ದಳು.

ಆವತ್ತು ಬಸವಣಪ್ಪನ ಮೊಮ್ಮಗಳ ತೊಟ್ಟಿಲು. ಅಂಗಳದ ತುಂಬ ಮಂದಿ. ನಾನು ಪೆಟ್ಟಿಗೆಯ ಹಿಂದೆ ಕೂತಿದ್ದೆ.

"ವರ್ಷಾಬಾಯಿ, ಹಳೇದೊಂದು ಅಳೋ ಹಾಡು ಆಗ್ಲಿ!" ಎಂದು ಒಬ್ಬ ಕೂಗಿದ.

"ಮನ್ಯಾಗ ಹೇಣ್ತಿ ಅಳಸೋದು ಸಾಲಂಗಿಲ್ಲೇನೋ ನಿನಗ?" ಎಂದ ಅವನ ಪಕ್ಕದ ಗುರುಲಿಂಗ.

ಮಂದಿ ನಕ್ಕರು. ವರ್ಷಾನೂ ನಕ್ಕಳು. ಬಾರಿಸಿದಳು.

ಆಗ ಒಬ್ಬ ಹೆಂಗಸು ಬಂದಳು. ಹಸಿರು ಸೀರೆ, ಮುಖದ ಮೇಲೆ ಸೆರಗು. ಎಲೆ ಇಟ್ಟಳು. ನನಗೆ ಕೈ ಮಾತ್ರ ಕಂಡಿತು. ಬೆರಳ ತುದಿ ನೀರಲ್ಲಿ ಬಹಳ ಹೊತ್ತು ಇದ್ದಂತೆ ಸುಕ್ಕಾಗಿತ್ತು. ಬಟ್ಟೆ ಒಗೆದು ಬಂದಿರಬೇಕು ಎಂದುಕೊಂಡೆ.

"ಬೀಸೋ ಪದ ಬಾರಸು ತಂಗಿ," ಎಂದಳು. "ಬಾವಿ ಹೊಲದ್ದು."

ವರ್ಷಾಳಿಗೆ ಆ ಧಾಟಿ ಗೊತ್ತಿತ್ತು. ಅವಳ ತಾಯಿ ಜಿಜಾಬಾಯಿ ಮಂಠಾಳದ ಮಗಳು. ರೊಟ್ಟಿ ಬಡಿಯುವಾಗ ಅದನ್ನೇ ಗುನುಗುತ್ತಾಳೆ. ಮಾತಿಲ್ಲ, ಬರೀ ಹ್ಞೂಂ ಹ್ಞೂಂ. ಗೊತ್ತಿದ್ದದ್ದೇ ಎಂದು ವರ್ಷಾ ಎಲೆ ಬಾಯಿಗಿಟ್ಟಳು. ಐಸಿನಷ್ಟು ತಣ್ಣಗಿತ್ತು ಎಂದು ಆಮೇಲೆ ಹೇಳಿದಳು.

ಉಕ್ಕು ತಂತಿಗೆ ತಾಗಿತು. ಟಣ್. ಒಂದು ಎಳೆತ... ಇನ್ನೊಂದು...

ಹೆಣ್ಣುಮಕ್ಕಳ ಕಡೆ ಬಳೆ ಸದ್ದು ನಿಂತುಹೋಯಿತು. ಒಬ್ಬ ಮುದುಕಿಯ ಕೈಯಿಂದ ತಾಟು ಬಿತ್ತು. ಫರಸಿ ಕಲ್ಲಿನ ನೆಲದ ಮೇಲೆ ಗಿರಗಿರನೆ ತಿರುಗಿ ಮಲಗಿತು. ಬಸವಣಪ್ಪ ಎದ್ದು ಬಂದು ಪ್ಲಗ್ ಕಿತ್ತ.

"ಈ ಪದ ನಮ್ಮ ಮನ್ಯಾಗ ಬ್ಯಾಡ."

"ಫರ್ಮಾಯಿಶ್ ಅದರಿ," ಎಂದಳು ವರ್ಷಾ.

"ಯಾರ್ ಮಾಡ್ಯಾರ? ತೋರಸು."

ಅವಳು ಹುಡುಕಿದಳು. ನಾನೂ ಹುಡುಕಿದೆ. ಹಸಿರು ಸೀರೆ ಎಲ್ಲೂ ಇರಲಿಲ್ಲ. ಹೊರಗೆ ಹೋಗುವ ಬಾಗಿಲು ಒಂದೇ, ಅದು ನನ್ನ ಬೆನ್ನಿಗಿತ್ತು. ನನ್ನನ್ನು ದಾಟಿ ಯಾರೂ ಹೋಗಿರಲಿಲ್ಲ.

ಬಸವಣಪ್ಪ ಮತ್ತೆ ಪ್ಲಗ್ ಹಾಕಿಸಿದ. ವರ್ಷಾ ಬೇರೆ ಏನನ್ನೋ ಬಾರಿಸಿ ಮುಗಿಸಿದಳು. ಎಲೆ ತಿಂದು ಪದ ಬಾರಿಸದೆ ಎದ್ದದ್ದು ಅದೇ ಮೊದಲು. ಆಮೇಲೆ ಬಾವಿಯದು ನಿಮಗೆ ಹೇಳಿದೆನಲ್ಲ.

ಮುಂದಿನ ವಾರ ಮಾಣಿಕನಗರದಲ್ಲಿ ಒಂದು ಅಂಗಡಿಯ ಆರಂಭ. ಹುಮನಾಬಾದದಿಂದ ಮುದುಕ ಖಮರುದ್ದೀನ್ ಬಂದು ಮುಂದಿನ ಕುರ್ಚಿ ಹಿಡಿದಿದ್ದರು. ನಾಗನಾಥನ ಕಾಲದಿಂದ ಅವರ ಫರ್ಮಾಯಿಶ್ ಒಂದೇ, ಅವರ ಮದುವೆಯಲ್ಲಿ ಬಾರಿಸಿದ ಕುಣಿಯುವ ಹಾಡು. ವರ್ಷಾ ಕಣ್ಣು ಮುಚ್ಚಿಯೂ ಬಾರಿಸಬಲ್ಲಳು.

ಶುರು ಮಾಡಿದಳು. ಸರಿಯಾಗೇ ಬಂತು. ಆಮೇಲೆ ಉಕ್ಕು ಜಾರಿತು. ಅವಳು ಜಾರಿಸಲಿಲ್ಲ, ಅದೇ ಜಾರಿತು. ಬೀಸುವ ಪದದ ಎಳೆತ ಬಂತು. ನಿಲ್ಲಿಸಿದಳು. ತಂತಿ ಬಿಗಿ ಮಾಡಿದಳು. ಮತ್ತೆ ಶುರು. ಮತ್ತೆ ಅದೇ.

"ಬೇಟಿ," ಎಂದರು ಖಮರುದ್ದೀನ್, "ನಾ ಕೇಳಿದ್ದು ಶಾದಿ ಹಾಡು. ನೀ ಜ್ವಾಳ ಬೀಸಾಕತ್ತೀದಿ."

ಮಂದಿ ನಕ್ಕರು. ವರ್ಷಾ ನಗಲಿಲ್ಲ. ಬೇರೆ ಹಾಡು ಹಿಡಿದಳು, ಅದೂ ಹಾಗೇ ಆಯಿತು. ಗಿಟಾರನ್ನು ಚೀಲಕ್ಕೆ ಹಾಕಿ ಎದ್ದಳು. ಮನೆಗೆ ಬಂದು ನಾನು ಪೆಟ್ಟಿಗೆ ಬಿಚ್ಚಿ ನೋಡಿದೆ. ಕೆಟ್ಟದ್ದೇನೂ ಇರಲಿಲ್ಲ. ತಂತಿ ಬದಲಿಸಿದೆವು. ಬೇರೆ ಗಿಟಾರು ತಂದೆವು. ಯಾವ ಹಾಡು ಹಿಡಿದರೂ ಅಲ್ಲಿಗೇ ಹೋಗಿ ನಿಲ್ಲುತ್ತಿತ್ತು. ಅಪ್ಪ ಕೊಟ್ಟದ್ದು ಅವಳಿಗೆ ತನ್ನ ಗಿಟಾರು, ಅದನ್ನು ಬಾರಿಸುವ ಕೈ, ಅಷ್ಟೇ. ಆ ಕೈ ಹೋದರೆ ಇನ್ನೇನೂ ಉಳಿಯುವುದಿಲ್ಲ.

ಕೊನೆಗೆ ವರ್ಷಾ ತಾಯಿಯ ಮುಂದೆ ಕೂತಳು. ನಾನೂ ಅಲ್ಲೇ ಇದ್ದೆ.

"ಅವ್ವಾ, ಆ ಪದಕ್ಕ ಮಾತು ಅವ ಏನು?"

ಜಿಜಾಬಾಯಿ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು. ಆಮೇಲೆ ಹೇಳಿದಳು.

ಬಸವಣಪ್ಪನಿಗೆ ಒಬ್ಬ ಅಕ್ಕ ಇದ್ದಳು, ಶಕುಂತಲಾಬಾಯಿ. ಗಂಡ ಸತ್ತ ಮೇಲೆ ತವರಿಗೆ ಬಂದಳು. ಬಾವಿಯ ಪಕ್ಕದ ಹೊಲವನ್ನು ಅಪ್ಪ ಅವಳಿಗೆ ಕೊಟ್ಟಿದ್ದ, ಊರ ಎದುರಿಗೇ ಬಾಯಿಮಾತಲ್ಲಿ. ಅಪ್ಪ ಸತ್ತ. ತಮ್ಮ ಬೇಲಿ ಹಾಕಿದ. ಅವಳು ಪಂಚರ ಹತ್ತಿರ ಹೋಗಲಿಲ್ಲ. ದಿನಾ ನಸುಕಿನಲ್ಲಿ ಬೀಸಲು ಕೂತು, ಓಣಿಗೆಲ್ಲ ಕೇಳುವಂತೆ ಹಾಡಿದಳು. ಪದ ಅವಳೇ ಕಟ್ಟಿದ್ದು. ಓಣಿಯ ಹೆಣ್ಣುಮಕ್ಕಳೂ ತಮ್ಮ ತಮ್ಮ ಕಲ್ಲಿನ ಮುಂದೆ ಹಾಡತೊಡಗಿದರು. ಒಂದು ನಸುಕಿನಲ್ಲಿ ಅವಳ ಕಲ್ಲು ಸುಮ್ಮನಾಯಿತು. ನೀರು ತರಲು ಹೋಗಿ ಬಾವಿಗೆ ಜಾರಿದಳು ಎಂದರು ಮನೆಯವರು.

"ಹಗ್ಗ, ಕೊಡ ಮನ್ಯಾಗೇ ಇದ್ದುವು," ಎಂದಳು ಜಿಜಾಬಾಯಿ. "ನಾ ನೋಡೀನಿ. ನನ್ನ ಗೆಳತಿ ಆಕಿ. ನೋಡಿ ಸುಮ್ಮಕ ಆದ್ನಿ. ಎಲ್ಲಾರೂ ಸುಮ್ಮಕ ಆದ್ವಿ. ಆಕಿ ಕಲ್ಲಿನ ಗೂಟ ಕಿತ್ತು, ಬೋರಲು ಮಾಡಿ, ಬಚ್ಚಲ ಮುಂದ ಸಿಮೆಂಟ್ ಹಾಕಿ ಮೆಟ್ಟಲ ಮಾಡ್ಯಾರ. ತುಳದಾಡ್ತಾರ ಅದರ ಮ್ಯಾಲ. ಆಮ್ಯಾಗ ಗಿರಣಿ ಬಂತು. ಆ ಮನ್ಯಾಗ ಮತ್ತ ಯಾರೂ ಬೀಸಿಲ್ಲ."

"ನಾಳೆ ಹೋಗ್ತೀನಿ," ಎಂದಳು ವರ್ಷಾ.

"ದೊಡ್ಡ ಮಂದಿ ಅವ್ರು."

"ಎಲಿ ತಿಂದಾಕಿ ನಾನು. ದೊಡ್ಡ ಮಂದಿ ತಿಂದಿಲ್ಲ."

ಜಿಜಾಬಾಯಿ ಹಿಟ್ಟಿನ ಕೈ ತೊಳೆದಳು. "ಹಂಗಾರ ನಾನೂ ಬರ್ತೀನಿ."

ನನ್ನನ್ನು ಯಾರೂ ಕೇಳಲಿಲ್ಲ. ಆಟೊ ತೆಗೆದೆ.

ಮಧ್ಯಾಹ್ನ. ಕತ್ತಲಿಲ್ಲ, ಗಾಳಿಯಿಲ್ಲ, ಬಿಸಿಲು. ಬಸವಣಪ್ಪನ ಬಾಗಿಲಿಗೆ ಎದುರಾಗಿ ಬೇವಿನ ಕಟ್ಟೆ ಇದೆ, ಊರಿನದು. ವರ್ಷಾ ಅದರ ಮೇಲೆ ಕೂತು ಗಿಟಾರನ್ನು ತೊಡೆಗೆ ಹಾಕಿಕೊಂಡಳು. ಪೆಟ್ಟಿಗೆಗೆ ನಾನು ಆಟೊದಿಂದ ಬಿಚ್ಚಿ ಹೊತ್ತು ತಂದ ಬ್ಯಾಟರಿ ಜೋಡಿಸಿದೆ. ಉಕ್ಕು ಇಟ್ಟಳು. ಟಣ್. ಮೊದಲ ಎಳೆತ ಓಣಿಯ ಆ ತುದಿಗೆ ಹೋಗಿ ಮುಟ್ಟಿತು.

ಬಸವಣಪ್ಪ ಹೊರಗೆ ಬಂದ.

"ಯಾರ್ ಕರದಾರ ನಿನಗ?"

"ನಿಮ್ಮ ಅಕ್ಕ," ಎಂದಳು. ಕೈ ನಿಲ್ಲಿಸಲಿಲ್ಲ.

ಅವನ ಮುಖ ಬಿಳುಚಿತು. ಆಮೇಲೆ ಕೆಂಪಾಯಿತು. ಇಳಿದು ಬಂದು ವೈರು ಕಿತ್ತು ಬೇವಿನ ಮೇಲೆ ಎಸೆದ. ಪೆಟ್ಟಿಗೆ ಸತ್ತಿತು.

ಗಿಟಾರು ಸಾಯಲಿಲ್ಲ. ಅದು ಪೊಳ್ಳು ಮರದ ಗಿಟಾರು, ನಾಗನಾಥನದು. ಸದ್ದು ಸಣ್ಣದಾಯಿತು, ಅಷ್ಟೇ. ಕೇಳಬೇಕೆಂದರೆ ಹತ್ತಿರ ಬರಬೇಕು. ಹೆಣ್ಣುಮಕ್ಕಳು ಬಂದರು. ಒಬ್ಬೊಬ್ಬರಾಗಿ ಬಾಗಿಲು ದಾಟಿ, ಕೈಯ ಕೆಲಸ ಬಿಟ್ಟು ಕಟ್ಟೆಯ ಸುತ್ತ ನಿಂತರು. ಬಸವಣಪ್ಪನ ಸೊಸೆಯೂ ಕೂಸನ್ನು ಎತ್ತಿಕೊಂಡು ಹೊರಗೆ ಬಂದಳು.

"ಒಳಗ ನಡಿ!" ಎಂದ ಅವಳಿಗೆ.

ಅವಳು ಹೋಗಲಿಲ್ಲ.

ಅವನು ಗಿಟಾರಿಗೆ ಕೈ ಚಾಚಿದ. ನಾನು ನಡುವೆ ಹೋಗಿ ನಿಂತೆ.

"ಕೈ ಹಚ್ಚಬ್ಯಾಡ್ರಿ," ಎಂದೆ.

ಆಗ ಜಿಜಾಬಾಯಿ ಬಾಯಿ ಬಿಟ್ಟಳು. ಗುನುಗಲಿಲ್ಲ. ಹಾಡಿದಳು.

ಬಾವೀಯ ಹೊಲ ನಂದು, ಅಪ್ಪ ಕೊಟ್ಟದ್ದು ನಂದು
ಬೇಲಿ ಹಾಕ್ಯಾನ ತಮ್ಮ, ಬೀಸುಕಲ್ಲವ್ವ
ಗರ್ರಂದು ಊರಿಗೆ ಹೇಳವ್ವ

ಗಂಟಲು ಒಡೆದ ಧ್ವನಿ. ಎರಡನೇ ಸಲ ಹಾಡುವಾಗ ತಾಟು ಬೀಳಿಸಿದ ಆ ಮುದುಕಿ ಕೂಡಿಕೊಂಡಳು. ಆಮೇಲೆ ಇನ್ನೊಬ್ಬಳು. ಆಮೇಲೆ ಎಣಿಸಲಾಗಲಿಲ್ಲ. ಇಷ್ಟು ವರ್ಷ ಒಬ್ಬರೂ ಒಂದು ಮಾತನ್ನೂ ಮರೆತಿರಲಿಲ್ಲ. ಬಸವಣಪ್ಪ ಕೂಗಿದ. ಅವನ ಬಾಯಿ ಅಲ್ಲಾಡಿದ್ದು ಕಂಡಿತು. ಕೇಳಿಸಲಿಲ್ಲ.

ಆಗ...

ಗರ್... ಗರ್... ಗರ್...

ಹಾಡು ತಾನಾಗೇ ತಗ್ಗಿತು. ವರ್ಷಾಳ ಕೈ ಮಾತ್ರ ನಡೆಯುತ್ತಿತ್ತು. ಸದ್ದು ಬಾವಿಯ ಕಡೆಯಿಂದ ಬರಲಿಲ್ಲ. ಬಸವಣಪ್ಪನ ಮನೆಯ ಒಳಗಿಂದ ಬಂತು. ಕಲ್ಲಿನ ಮೇಲೆ ಕಲ್ಲು. ನಡುವೆ ಕಾಳು. ಕರಕ್... ಗರ್... ಪದದ ತಾಳಕ್ಕೆ ಸರಿಯಾಗಿ.

"ಒಳಗ ಯಾರ್ ಅದಾರ?" ಎಂದು ಬಸವಣಪ್ಪ ಸೊಸೆಯನ್ನು ಕೇಳಿದ. ಪಿಸುಮಾತಿನಲ್ಲಿ.

"ಯಾರೂ ಇಲ್ರಿ ಮಾವಾರ."

ಅವನು ಒಳಗೆ ಹೋದ. ವರ್ಷಾ ಕೊನೆಯ ಎಳೆತ ಎಳೆದು ಉಕ್ಕು ಎತ್ತಿದಳು. ಅದೇ ಹೊತ್ತಿಗೆ ಒಳಗಿನ ಸದ್ದೂ ನಿಂತಿತು.

ಬಸವಣಪ್ಪ ಹೊರಗೆ ಬರಲಿಲ್ಲ. ಕಾದೆವು. ಬರಲಿಲ್ಲ.

ವರ್ಷಾ ಯಾರನ್ನೂ ನೋಡದೆ ತಂತಿಯ ಮೇಲೆ ಕೈ ಇಟ್ಟು ಖಮರುದ್ದೀನರ ಹಾಡಿನ ಒಂದು ಸಾಲು ಬಾರಿಸಿದಳು. ಸರಿಯಾಗಿ ಬಂತು. ಅಲ್ಲಾಡಲಿಲ್ಲ. ಕುಣಿಯುವ ಹಾಡು. ಕೂಸು ನಕ್ಕಿತು.

ನಾನು ಒಳಗೆ ಹೋಗಿ ನೋಡಿದೆ. ಬಸವಣಪ್ಪ ಬಚ್ಚಲ ಮುಂದೆ ಗೋಡೆ ಹಿಡಿದು ನಿಂತಿದ್ದ. ನನ್ನ ಕಡೆ ತಿರುಗಲಿಲ್ಲ. ಮೆಟ್ಟಿಲನ್ನೇ ನೋಡುತ್ತಿದ್ದ. ಕಲ್ಲು ಬೋರಲಾಗಿಯೇ ಇತ್ತು. ಗೂಟ ಇರಲಿಲ್ಲ. ಸುತ್ತಲಿನ ಸಿಮೆಂಟ್ ಎಲ್ಲೂ ಬಿರುಕು ಬಿಟ್ಟಿರಲಿಲ್ಲ. ಒದ್ದು ನೋಡಿದೆ, ಅಲ್ಲಾಡಲಿಲ್ಲ.

ನಂಬದವರು ಮಂಠಾಳಕ್ಕೆ ಹೋಗಿ ಕೇಳಲಿ. ಆ ಓಣಿಯ ಹೆಣ್ಣುಮಕ್ಕಳು ಇನ್ನೂ ಇದ್ದಾರೆ. ಈಗ ಕೇಳಿದರೆ ಹೇಳುತ್ತಾರೆ. ನಾನು ಕಂಡದ್ದನ್ನಷ್ಟೇ ಹೇಳುತ್ತೇನೆ.

ಕಲ್ಲಿನ ಸುತ್ತ ಜೋಳದ ಹಿಟ್ಟು ಬಿದ್ದಿತ್ತು. ಬೆರಳು ಹಚ್ಚಿ ನೋಡಿದೆ.

ಬೆಚ್ಚಗಿತ್ತು.