ಧನಿಗಳಿಗೆ ಮೊಮ್ಮಗ ಹುಟ್ಟಿದ ಬೆಳಿಗ್ಗೆ ಒಲೆ ಆರಿದ್ದು

ಗ್ರೈಂಡರಾ? ಗ್ರೈಂಡರ್ ಎಲ್ಲಿತ್ತು ಮಾರಾಯ ಆಗ, ಅದೆಲ್ಲ ಎಷ್ಟೋ ವರ್ಷ ಕಳೆದ ಮೇಲೆ ಬಂದದ್ದು. ಆಗ ಕಲ್ಲೇ. ತ್ರಿಪ್ಲಿಕೇನಿನ ಆ ಹೋಟೆಲಿನ ಹಿಂದೆ ಒಂದು ತಗಡಿನ ಮಾಡು, ಅದರ ಕೆಳಗೆ ರುಬ್ಬುವ ಕಲ್ಲು, ಕಲ್ಲಿನ ಎದುರು ನಾನು. ಮದುವೆಯಾಗಿ ಕುಂದಾಪುರದ ಕಡೆಯಿಂದ ಬಂದವಳು. ನಿಮ್ಮ ಅಜ್ಜ ಅಲ್ಲಿ ಅಡಿಗೆಯವರು, ನಮಗೆ ಹೋಟೆಲಿನ ಮೇಲೆಯೇ ಒಂದು ಕೋಣೆ ಕೊಟ್ಟಿದ್ರು ಧನಿಗಳು, ಕೋಣೆ ಕೊಟ್ಟ ಮೇಲೆ ಹೆಂಡತಿ ಸುಮ್ನೆ ಕೂತ್ಕೊಳ್ಳುದು ಹೇಗೆ ಅಲ್ವಾ, ಹಾಗೆ ಸುರುವಾದದ್ದು ನನ್ನ ಅರೆಯುದು. ಸಂಬಳ ಅಂತ ಇಲ್ಲ. "ನೀನು ಮನೆ ಹೆಣ್ಣುಮಗಳು ಸುಮತಿ, ನಿನಗೆಂತ ಸಂಬಳ" ಅಂತ ನಗಾಡ್ತಿದ್ರು ಧನಿಗಳು. ಕೆಟ್ಟವರಲ್ಲ, ಅದನ್ನು ಮೊದಲೇ ಹೇಳಿಬಿಡ್ತೇನೆ, ಜ್ವರ ಬಂದ್ರೆ ಡಾಕ್ಟರ ಹತ್ರ ಕಳಿಸ್ತಿದ್ರು, ದೀಪಾವಳಿಗೆ ಸೀರೆ. ಆದ್ರೆ ಹೊತ್ತು ಮಾತ್ರ ಎಲ್ಲಾ ಅವರದ್ದೇ. ಕೋಳಿ ಕೂಗುವ ಮುಂಚೆ ಕೆಳಗೆ ಇಳಿದ್ರೆ ನಿಮ್ಮ ಅಜ್ಜ ಮೇಲೆ ಬರುವಾಗ ಬೀದಿನಾಯಿಗಳೂ ಮಲಗಿರ್ತಿದ್ವು. ಆದಿತ್ಯವಾರ ಇಲ್ಲ, ಸೋಮವಾರ ಇಲ್ಲ, ರಜೆ ಅಂದ್ರೆ ಊರಿಗೆ ಹೋದಾಗ, ಊರಿಗೆ ಹೋಗುದು ಯಾರಾದ್ರೂ ಸತ್ತಾಗ.

ನಿಮ್ಮಮ್ಮ ಆಗ ಸಣ್ಣ ಕೂಸು, ಮಾತು ಕಲೀತಾ ಇದ್ದಳು. ಅವಳು ಎದ್ದಿರುವಾಗ ಅಪ್ಪ ಮೇಲಿಲ್ಲ, ಅಪ್ಪ ಮೇಲಿರುವಾಗ ಅವಳಿಗೆ ನಿದ್ರೆ. ಒಂದು ದಿವಸ ಮಧ್ಯಾಹ್ನ ಇವರು ಎಂತದೋ ತಗೊಳ್ಳಲಿಕ್ಕೆ ಅಂತ ಮೇಲೆ ಬಂದ್ರು, ಕೂಸು ನನ್ನ ಸೀರೆ ಹಿಡ್ಕೊಂಡು ಹಿಂದೆ ಅಡಗಿ, "ಅಮ್ಮಾ, ಯಾರೋ ಮಾಮ ಬಂದ್ರು" ಅಂತು. ಒಳಗೆ ಕೇಳ್ತಾ ಇದ್ದಾಳೆ ನಿಮ್ಮಮ್ಮ, ಕೇಳಲಿ. ಇವರು ತಗೊಳ್ಳಲಿಕ್ಕೆ ಬಂದದ್ದನ್ನೂ ಬಿಟ್ಟು ಕೆಳಗೆ ಹೋದ್ರು. ಆವತ್ತು ಮಾಡಿದ ಸಾಂಬಾರಿಗೆ ಉಪ್ಪು ಹಾಕ್ಲಿಲ್ಲವಂತೆ. ನನಗೆ ಎಷ್ಟು ಸಂಕಟ ಆಯ್ತು ಅಂದ್ರೆ, ಸಂಬಳ ಹೆಚ್ಚು ಬೇಡ, ಸೀರೆ ಬೇಡ, ವಾರಕ್ಕೊಂದು ದಿವಸ ಇವರನ್ನು ಮನೆಯಲ್ಲಿ ಬಿಡಿ ಸಾಕು ಅಂತ ಕಲ್ಲಿನ ಹತ್ರ ಕೂತು ದೇವರಲ್ಲಿ ಬೇಡಿಕೊಂಡೆ.

ಆಗಲೇ ಅಲ್ವಾ, ಐವತ್ತರ ಕೊನೆಯೋ ಅರವತ್ತರ ಸುರುವೋ, ಹೋಟೆಲಿನವರಿಗೆ ಅಂತಲೇ ಒಂದು ಕಾಯಿದೆ ಬಂತು. ದಿನಕ್ಕೆ ಇಷ್ಟೇ ತಾಸು ದುಡಿಸ್ಬೇಕು, ವಾರಕ್ಕೊಂದು ರಜೆ ಕೊಡ್ಬೇಕು, ರಜೆಯ ದಿನದ ಸಂಬಳ ಕತ್ತರಿಸುವ ಹಾಗಿಲ್ಲ. ನಮ್ಮ ದೋಸೆ ಹಾಕುವ ವಾಸು ಹೊರಗೆ ಬೀಡಿಗೆ ಹೋದವ ಇದನ್ನು ಕೇಳ್ಕೊಂಡು ಬಂದ, ನಾವೆಲ್ಲ ಒಬ್ಬರ ಮುಖ ಒಬ್ಬರು ನೋಡ್ಕೊಂಡು ಒಳಗೊಳಗೇ ಕುಣಿದದ್ದೇ ಕುಣಿದದ್ದು. ಇನ್ಸ್‌ಪೆಕ್ಟರೂ ಬಂದ್ರು. ಕಪ್ಪು ಕೊಡೆ, ತಮಿಳರು, ಬಹಳ ಮರ್ಯಾದೆಯ ಮನುಷ್ಯ. ಇಲ್ಲಿ ಕೆಲಸಕ್ಕೆ ಎಷ್ಟು ಜನ ಅಂತ ಕೇಳಿದ್ರು. ನಮ್ಮ ಧನಿಗಳು ಎಂತ ಹೇಳಿದ್ರು ಗೊತ್ತುಂಟಾ? "ಕೆಲಸದವರು ಯಾರೂ ಇಲ್ಲ ಸಾರ್. ಎಲ್ಲಾಂ ಎನ್ ತಂಬಿಂಗ." ಎಲ್ಲರೂ ನನ್ನ ತಮ್ಮಂದಿರು ಅಂತ. ಯಾಕೆ ಅಂದ್ರೆ ಕಾಯಿದೆ ಕೆಲಸದವರಿಗೆ ಮಾತ್ರ, ಧನಿಯ ಸ್ವಂತ ಮನೆಯವರಿಗೆ ಇಲ್ಲ. ಅದನ್ನು ಯಾವನೋ ಅವರ ಕಿವಿಗೆ ಊದಿದ್ದ. ಇನ್ಸ್‌ಪೆಕ್ಟರು ಅಡಿಗೆಮನೆಗೆ ಇಣುಕಿದ್ರು, ಒಬ್ಬ ಕಪ್ಪು, ಒಬ್ಬ ಬಿಳಿ, ಒಬ್ಬ ತೆಂಗಿನಮರ, ಒಬ್ಬ ಕುಂಬಳಕಾಯಿ. "ಇತ್ತನೆ ತಂಬಿಂಗಳಾ?" ಅಂತ ಕೇಳಿದ್ರು. ಇಷ್ಟು ಜನ ತಮ್ಮಂದಿರಾ ಅಂತ. "ಒಂದೇ ಮನೆ, ಒಂದೇ ಅಡಿಗೆ, ಮೇಲೆಯೇ ಇರುದು ಸಾರ್, ದೇವರಾಣೆ" ಅಂತ ಗೋಡೆಯ ಕೃಷ್ಣನ ಪಟಕ್ಕೆ ಕೈಮುಗಿದ್ರು ಧನಿಗಳು. ನಮ್ಮವರಿಗೆ ಬಾಯಿ ಇಲ್ಲ. ಕೋಣೆ ಧನಿಗಳದ್ದು, ತಮ್ಮಂದಿರಲ್ಲ ಅಂದ್ರೆ ಸಂಜೆಗೆ ಪೆಟ್ಟಿಗೆ ಬೀದಿಯಲ್ಲಿ. ಇನ್ಸ್‌ಪೆಕ್ಟರು ಕಾಫಿಯನ್ನೂ ಕುಡಿಯದೆ ಹೋದ್ರು.

ಅದಾಗಿ ಸ್ವಲ್ಪ ದಿವಸ. ಧನಿಗಳ ಮಗ ಕೋಡಂಬಾಕ್ಕಂನಲ್ಲಿ ಬೇರೆ ಮನೆ ಮಾಡಿದ್ದ, ಅವನ ಹೆಂಡತಿ ಬಸುರಿ. ಒಂದು ಬೆಳಿಗ್ಗೆ, ಇಡ್ಲಿ ಇನ್ನೂ ಒಲೆ ಮೇಲೆ, ನಾನು ಚಟ್ನಿಗೆ ಅರೀತಾ ಇದ್ದೇನೆ, ಧನಿಗಳು ಸಕ್ಕರೆ ತಟ್ಟೆ ಹಿಡ್ಕೊಂಡು ಓಡಿ ಬಂದ್ರು. "ಮೊಮ್ಮಗ ಹುಟ್ಟಿದ, ಗಂಡು ಮೊಮ್ಮಗ, ಬಾಯಿ ಸಿಹಿ ಮಾಡಿ" ಅಂತ. ನಾನು ಸಕ್ಕರೆ ಬಾಯಿಗೆ ಹಾಕಿದೆ. ಹಾಕಿದವಳಿಗೆ, ನೋಡಿ, ಆ ಸಿಹಿ ಕರಗುವ ಮುಂಚೆ ತಲೆಯಲ್ಲಿ ಒಂದು ದೀಪ ಹತ್ತಿತು. ಕೈ ತೊಳೆದೆ. ಅರ್ಧ ಅರೆದ ಕಾಯಿ ಕಲ್ಲಲ್ಲೇ ಬಿಟ್ಟೆ. ಅಡಿಗೆಮನೆ ಬಾಗಿಲಲ್ಲಿ ನಿಂತು, "ಇವರೇ, ಒಲೆ ಹತ್ರ ಹೋಗ್ಬೇಡಿ, ನಿಮಗೆ ಅಮೆ" ಅಂದೆ.

ಎಂತ, ಅಮೆ ಅಂದ್ರೆ ಎನ್ನ ಅಂತ ತಮಿಳಲ್ಲಿ ಕೇಳ್ತೀಯಾ? ಅಯ್ಯೋ ಕಣ್ಣಾ, ಇಂಗ್ಲಿಷು ಶಾಲೆಗೆ ಹಾಕಿ ನಿಮಗೆ ಅಮೆ ಸೂತಕ ಗೊತ್ತಿಲ್ಲದ ಹಾಗಾಯ್ತು. ಸತ್ತರೆ ಸೂತಕ, ಹುಟ್ಟಿದ್ರೆ ಅಮೆ. ಪುರುಡು ಅಂತಾರಲ್ಲ, ಅದೇ. ಮಗು ಹುಟ್ಟಿದ ಮನೆಯವರಿಗೆಲ್ಲ, ಅಜ್ಜನ ಅಣ್ಣತಮ್ಮಂದಿರಿಗೂ, ಅವರ ಹೆಂಡಂದಿರಿಗೂ ಹತ್ತು ದಿವಸ ಮೈಲಿಗೆ. ದೇವರ ಕೋಣೆಗೆ ಹೋಗುವ ಹಾಗಿಲ್ಲ, ಬೇರೆಯವರಿಗೆ ಬೇಯಿಸಿ ಬಡಿಸುವ ಹಾಗಿಲ್ಲ. ಧನಿಗಳಿಗೆ ಹೇಗೂ ಅಮೆ, ಆದ್ರೆ ಅವರು ಕೂರುದು ಗಲ್ಲಾಪೆಟ್ಟಿಗೆಯ ಹತ್ರ, ದುಡ್ಡು ಮುಟ್ಟಲಿಕ್ಕೆ ಮೈಲಿಗೆ ಇಲ್ಲ, ಅದು ಎಲ್ಲಾ ಧನಿಗಳ ಶಾಸ್ತ್ರ. ಅಡಿಗೆಯವರು ತಮ್ಮಂದಿರಾದ್ರೆ? ಮೊದಲು ಅರ್ಥ ಆದದ್ದು ವಾಸುವಿಗೆ. ಸಟ್ಟುಗ ಕೆಳಗಿಟ್ಟ, "ಹೌದಲ್ಲ ಅಕ್ಕ, ನನಗೂ ಅಮೆ" ಅಂತ ಹೊರಗೆ ಬಂದು ಜಗಲಿಯಲ್ಲಿ ಕೂತ. ಅವನ ಹಿಂದೆ ಇನ್ನೊಬ್ಬ, ಮತ್ತೊಬ್ಬ. ಕೊನೆಗೆ ನಿಮ್ಮ ಅಜ್ಜ ಒಲೆಯ ಕೆಂಡಕ್ಕೆ ನೀರು ಹಾಕಿ ಬಂದು ಕೂತ್ರು. ಮುಂದಿನ ಹಾಲ್‌ನಲ್ಲಿ ದೇವಸ್ಥಾನದ ಬೀದಿಯ ನಾಮ ಹಾಕುವ, ಮಡಿಯ ಮಾಮಂದಿರು ಎಲ್ಲಾ ಇಡ್ಲಿಗೆ ಕಾಯ್ತಾ ಇದ್ದಾರೆ, ಕಾಫಿ ಕುಡಿಯುವಾಗಲೂ ಒಲೆ ಹತ್ರ ಯಾರಿದ್ದಾರೆ ಅಂತ ಇಣುಕುವ ಜನ ಅವರು.

ಧನಿಗಳು ಬಂದ್ರು. "ಎಂತದ್ದು ಇದು, ಇಡ್ಲಿ ಎಲ್ಲಿ?" ನಾನೇ ಹೇಳಿದೆ, "ಅಮೆಯಲ್ವಾ ಧನಿ, ಇಡ್ಲಿ ಹೇಗೆ ಕೊಡುದು? ಅಣ್ಣನಿಗೆ ಮೊಮ್ಮಗ ಹುಟ್ಟಿದ್ರೆ ತಮ್ಮಂದಿರಿಗೆ ಇಲ್ವಾ?" ಅವರ ಮುಖ ಹುರಿದ ಮೆಣಸಿನ ಹಾಗಾಯ್ತು. "ತಮಾಷೆ ಸಾಕು, ಇವತ್ತೇ ಊರಿಂದ ಬೇರೆ ಜನ ತರಿಸ್ತೇನೆ, ಕೋಣೆ ಖಾಲಿ ಮಾಡಿ" ಅಂದ್ರು. ಕೂಸು ಮೇಲೆ ಮಲಗಿದೆ, ಎಲ್ಲಿಗೆ ಹೋಗುದು. ಆಗ ನಿಮ್ಮ ಅಜ್ಜ, ಹತ್ತು ಕೇಳಿದ್ರೆ ಒಂದು ಹೇಳದ ಮನುಷ್ಯ, ತಲೆ ಎತ್ತಿ ಮೆಲ್ಲಗೆ, "ತರಿಸು ಅಣ್ಣಾ" ಅಂದ್ರು. ಜಗಲಿಯಲ್ಲಿದ್ದವರೆಲ್ಲ ನಗೆ ತಡೆಯಲಾರದೆ ಟವೆಲು ಬಾಯಿಗೆ ತುರುಕಿಕೊಂಡ್ರು.

ಗಲಾಟೆ ಕೇಳಿ ಧನಿಗಳ ತಾಯಿ ಕೋಲು ಊರ್ಕೊಂಡು ಬಂದ್ರು. ದೊಡ್ಡಮ್ಮ ಅಂತಿದ್ವಿ, ಮಡಿ ಅಂದ್ರೆ ಮಡಿ, ಅವರ ಎದುರು ಧನಿಗಳೂ ಬೆಕ್ಕಿನ ಮರಿ. ಸಂಗತಿ ಎಂತ ಅಂತ ಕೇಳಿದ್ರು, ನಾನು ಇನ್ಸ್‌ಪೆಕ್ಟರ ಎದುರು ನಡೆದದ್ದನ್ನು ಇದ್ದಹಾಗೆ ಹೇಳಿದೆ, ಕೃಷ್ಣನ ಪಟಕ್ಕೆ ಕೈಮುಗಿದದ್ದನ್ನೂ ಬಿಡ್ಲಿಲ್ಲ. ದೊಡ್ಡಮ್ಮ ಜಗಲಿಯಲ್ಲಿ ಕೂತವರನ್ನು ಒಬ್ಬೊಬ್ಬರನ್ನೇ ನೋಡಿದ್ರು. ಮತ್ತೆ ಮಗನನ್ನು. "ನಾನು ಹೆತ್ತದ್ದು ನಿನ್ನೊಬ್ಬನನ್ನೇ. ಇವರನ್ನೆಲ್ಲ ನಿನ್ನ ಅಪ್ಪ ಎಲ್ಲೆಲ್ಲಿ ಹುಟ್ಟಿಸಿದ್ದು, ಅದನ್ನೂ ದೇವರ ಎದುರೇ ಹೇಳು." ದೊಡ್ಡಮ್ಮ ಕೋಲನ್ನು ನೆಲಕ್ಕೆ ಕುಟ್ಟಿದ್ರು. "ದೇವರಾಣೆ ಇಟ್ಟದ್ದು ಸತ್ಯ ಆದ್ರೆ ಹತ್ತು ದಿವಸ ಒಲೆ ಹತ್ತುವ ಹಾಗಿಲ್ಲ. ಸುಳ್ಳಾದ್ರೆ, ಹೇಳಿದ ಬಾಯಲ್ಲೇ, ಆ ಮನುಷ್ಯನ ಎದುರೇ ಹೋಗಿ ಹೇಳು. ನನ್ನ ಗಂಡನ ಹೆಸರು ತೊಳೆಯದೆ ನಾನು ಒಂದು ತೊಟ್ಟು ನೀರು ಮುಟ್ಟುದಿಲ್ಲ" ಅಂತ ಅಲ್ಲೇ ಮೆಟ್ಟಿಲಲ್ಲಿ ಕೂತ್ಕೊಂಡ್ರು.

ನಾಮದ ಮಾಮಂದಿರು ಎದ್ದು ಎದುರಿನ ಹೋಟೆಲಿಗೆ ನಡೆದ್ರು. ಅದನ್ನು ನೋಡಿದ ಮೇಲೆ ಧನಿಗಳಿಗೆ ಬುದ್ಧಿ ಬಂತಾ, ತಾಯಿಗೆ ಹೆದರಿ ಬಂತಾ, ದೇವರಿಗೇ ಗೊತ್ತು. ರಿಕ್ಷಾ ಹತ್ತಿ ಹೋಗಿ ಇನ್ಸ್‌ಪೆಕ್ಟರನ್ನು ತಾವೇ ಕರ್ಕೊಂಡು ಬಂದ್ರು. ಇವ ಅಡಿಗೆಯವ, ಇವ ದೋಸೆಯವ, ಇವ ಕಾಫಿಯವ, ಇವ ಬಡಿಸುವವ, ಎಲ್ಲಾ ಕೆಲಸದವರು ಅಂತ ತೋರಿಸಿ ತೋರಿಸಿ ಹೇಳಿದ್ರು, ಇನ್ಸ್‌ಪೆಕ್ಟರು ಬರ್ಕೊಂಡ್ರು. ನನ್ನ ಹತ್ರ ಬಂದಾಗ, "ಇವಳು ಅಡಿಗೆಯವನ ಹೆಂಡತಿ, ಹೊತ್ತು ಹೋಗ್ಲಿಕ್ಕೆ ಬಂದು ಕೂತಿರ್ತಾಳೆ" ಅಂದ್ರು. ಅದಕ್ಕೆ ನಿಮ್ಮ ಅಜ್ಜನೂ ಹೌದು ಅಂತ ತಲೆ ಆಡಿಸಿದ್ರು ಕಾಣಿ. ಆಗ ಬಂತು ನನಗೆ ಸಿಟ್ಟು. ಎಲ್ಲರನ್ನೂ ದಡ ಸೇರಿಸಿದವಳು ನಾನು, ನನ್ನನ್ನು ಮಾತ್ರ ನೀರಲ್ಲಿ ಬಿಡುದಾ? ನನ್ನ ಹರಕು ತಮಿಳಲ್ಲಿ ಕೇಳಿದೆ, "ಸಾರ್, ನಾಳೈಕ್ಕು ಮಾವು ಯಾರು ಅರೈಪ್ಪಾಂಗ, ಕೇಳುಂಗ." ನಾಳೆ ಹಿಟ್ಟು ಯಾರು ಅರೆಯುದು ಅಂತ. ಇನ್ಸ್‌ಪೆಕ್ಟರು ಕೇಳಿದ್ರು. ಧನಿಗಳು ನಿಮ್ಮ ಅಜ್ಜನನ್ನು ನೋಡಿದ್ರು, ನಿಮ್ಮ ಅಜ್ಜ ವಾಸುವನ್ನು ನೋಡಿದ್ರು, ವಾಸು ಕಲ್ಲನ್ನು ನೋಡಿದ. ಮೆಟ್ಟಿಲಿಂದ ದೊಡ್ಡಮ್ಮನೇ, "ಬರ್ಕೊಳ್ಳಿ, ಸುಮತಿ, ಅರೆಯುವವಳು" ಅಂದ್ರು. ಬರ್ಕೊಂಡ್ರು. ಆಮೇಲೆ ನನಗೂ ಸಂಬಳ, ಬೆಳಕು ಹರಿಯುವ ಮುಂಚೆ ಹೆಂಗಸರನ್ನು ಕೆಲಸಕ್ಕೆ ಕರೆಯುವ ಹಾಗಿಲ್ಲ ಅಂತಲೂ ಆಯ್ತು. ದೊಡ್ಡಮ್ಮ ಆಮೇಲೆಯೇ ನೀರು ಕುಡಿದದ್ದು.

ನಿಮ್ಮ ಅಜ್ಜನಿಗೆ ಮಂಗಳವಾರ ರಜೆ ಸಿಕ್ಕಿತು. ಮೊದಲನೇ ಮಂಗಳವಾರ ಪಾಪ ಎಂತ ಮಾಡ್ಬೇಕು ಅಂತಲೇ ಗೊತ್ತಾಗ್ಲಿಲ್ಲ ಅವರಿಗೆ. ಬೆಳಿಗ್ಗೆಯೇ ಮಿಂದು ಕೋಣೆಯಲ್ಲಿ ನೆಂಟರ ಹಾಗೆ ಕೂತಿದ್ರು. ಕೂಸು ದೂರದಿಂದ ನೋಡುದು, ಓಡುದು, ನೋಡುದು, ಓಡುದು. ಮಧ್ಯಾಹ್ನದ ಹೊತ್ತಿಗೆ ಅವರ ಬೆನ್ನು ಹತ್ತಿ ಕೂತಿತ್ತು. ಸಂಜೆ ಸಮುದ್ರಕ್ಕೆ ಕರ್ಕೊಂಡು ಹೋದ್ರು, ಬರುವಾಗ ಅವರ ಹೆಗಲಲ್ಲಿ ನಿದ್ರೆ, ಕಾಲ ತುಂಬ ಮರಳು. "ಮಲಗಿಸ್ಲಾ?" ಅಂತ ಕೇಳಿದೆ. "ಬೇಡ, ಇರಲಿ" ಅಂದ್ರು. ಎಷ್ಟೋ ಹೊತ್ತು ಹಾಗೆಯೇ ನಿಂತಿದ್ರು. ನನಗೆ ಖುಷಿಯಲ್ಲಿ ಅಳು ಬಂತು, ಅತ್ತುಬಿಟ್ಟೆ, ನಾಚಿಕೆ ಎಂತದ್ದು.

ಅದಕ್ಕೆ ಹೇಳುದು ಮಕ್ಕಳೇ, ನೀನು ನಮ್ಮ ಮನೆಯವನೇ ಅಂತ ಯಾರಾದ್ರೂ ಬಾಯ್ತುಂಬ ಹೇಳಿದ್ರೆ ಬೇಡ ಅನ್ಬೇಡಿ, ಒಳ್ಳೇ ಮಾತು ಅದು. ಆದ್ರೆ ಊಟಕ್ಕೆ ಕೂರುವಾಗ ನಿಮ್ಮ ಎಲೆ ಎಲ್ಲಿ ಹಾಕ್ತಾರೆ ಅಂತ ಒಮ್ಮೆ ನೋಡಿಕೊಳ್ಳಿ.