ಬುತ್ತಿಯ ಮೇಲಿನ ಸಂಶಯ

ಸಂಶಯ ಮನೆಯೊಳಗೆ ಹೇಗೆ ಬರುತ್ತದೆ ಎಂದು ನಿನ್ನೆಯ ಪ್ರವಚನದಲ್ಲಿ ಒಬ್ಬ ತಾಯಿ ಕೇಳಿದರು. ಅದು ಬಾಗಿಲು ಮುರಿದು ಬರುವುದಿಲ್ಲ, ತಾಯಿ. ಸಾಕ್ಷಿ ಹಿಡಿದುಕೊಂಡೇ ಬರುತ್ತದೆ. ಅದಕ್ಕೇ ನಾವು ಅದನ್ನು ಒಳಗೆ ಕರೆದು ಕೂರಿಸುತ್ತೇವೆ. ಇದಕ್ಕೊಂದು ದೃಷ್ಟಾಂತ ಕೇಳಿ.

ಬೆಲ್ಲದ ವ್ಯಾಪಾರ ನಡೆಯುವ ಒಂದು ಪೇಟೆ. ಅಲ್ಲಿ ಗುರುಪಾದಪ್ಪ ಎಂಬ ಶ್ರೀಮಂತ ವ್ಯಾಪಾರಿ ಇದ್ದ. ದಿನಕ್ಕೆ ನೂರಾರು ಪೆಂಟೆ ಬೆಲ್ಲ ಅವನ ಅಂಗಡಿ ದಾಟಿ ಹೋಗುತ್ತಿತ್ತು. ಒಂದು ಚೂರು ಮುರಿದು ಬೆರಳಲ್ಲಿ ತಿಕ್ಕಿದರೆ ಸಾಕು, ಯಾವ ಗಾಣದ ಬೆಲ್ಲ ಎಂದು ಹೇಳುತ್ತಿದ್ದ. ಬಾಯಿಗೆ ಮಾತ್ರ ಹಾಕುತ್ತಿರಲಿಲ್ಲ. ಏಕೆಂದರೆ ಅವನಿಗೆ ಸಕ್ಕರೆ ಕಾಯಿಲೆ ಇತ್ತು. ನನಗೂ ಇದೆ, ಹನ್ನೊಂದು ವರ್ಷವಾಯಿತು. ಇಲ್ಲಿ ಕೂತವರಲ್ಲಿ ಎಷ್ಟು ಜನರಿಗಿದೆ ಎಂದು ಕೇಳುವುದಿಲ್ಲ. ಪ್ರಸಾದದ ಸಾಲಿನಲ್ಲಿ ನೀವು ಎರಡನೇ ಸಲ ನಿಲ್ಲುವುದನ್ನು ನೋಡಿದ್ದೇನೆ.

ಡಾಕ್ಟರು ಅವನಿಗೆ ಮನೆಯಲ್ಲೇ ಸಕ್ಕರೆ ನೋಡಿಕೊಳ್ಳುವ ಮಷೀನು ಕೊಡಿಸಿದರು. ಕೈ ತೊಳೆಯಿರಿ, ಒರೆಸಿಕೊಳ್ಳಿ, ಆಮೇಲೆ ಬೆರಳು ಚುಚ್ಚಿ, ಬಂದ ಅಂಕಿ ಬರೆದಿಡಿ ಎಂದರು. ಸಾಹುಕಾರ ಕೊನೆಯ ಎರಡು ಮಾತು ಕೇಳಿಸಿಕೊಂಡ. ಮೊದಲಿನ ಎರಡು ಮಾತಿನ ಹೊತ್ತಿಗೆ ಅವನಿಗೆ ಫೋನು ಬಂದಿತ್ತು.

ಬೆಳಿಗ್ಗೆ ಸ್ನಾನ ಮುಗಿಸಿ ನೋಡಿಕೊಂಡರೆ ನೂರ ಹದಿನೆಂಟು, ನೂರ ಇಪ್ಪತ್ತು. ಮಧ್ಯಾಹ್ನ ಅಂಗಡಿಯಲ್ಲಿ ಊಟವಾಗಿ ಎರಡು ತಾಸಿಗೆ ನೋಡಿದರೆ ಮುನ್ನೂರ ಆರು. ಮರುದಿನವೂ ಹಾಗೇ, ಅದರ ಮರುದಿನವೂ ಹಾಗೇ. ಉಂಡ ಮೇಲೆ ಸ್ವಲ್ಪ ಏರುವುದು ಸಹಜ, ಆದರೆ ಇಷ್ಟೇ? ಸಾಹುಕಾರ ಯೋಚಿಸಿದ. ಬೆಳಿಗ್ಗೆಗೂ ಮಧ್ಯಾಹ್ನಕ್ಕೂ ನಡುವೆ ಹೊಟ್ಟೆಗೆ ಹೋಗುವುದು ಒಂದೇ ಒಂದು, ಹೆಂಡತಿ ಬಸಲಿಂಗವ್ವ ಕಟ್ಟಿ ತರುವ ಬುತ್ತಿ.

ನೋಡಿ, ಸಾಕ್ಷಿ ಸಿಕ್ಕಿತು. ಸಂಶಯ ಒಳಗೆ ಬಂತು.

ಅಂದು ಸಂಜೆ ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳಿದ, "ಖರೇ ಹೇಳು. ಪಲ್ಯೆದಾಗ ಏನ್ ಹಾಕ್ತಿ?"

"ಉಪ್ಪು, ಖಾರ, ಸೇಂಗಾ ಹಿಂಡಿ. ಮತ್ತೇನ್ ಹಾಕ್ಲ್ರಿ?"

"ಮುಂಜಾನೆ ನೂರಾ ಹದಿನೆಂಟ ಇರ್ತದ. ನಿನ್ನ ಬುತ್ತಿ ಉಂಡ ಮ್ಯಾಲ ಮುನ್ನೂರ ದಾಟ್ತದ. ಬೆಲ್ಲ ತಾನ ನಡಕೊಂಡ ಬಂತೇನು?"

"ಅದ ಪಲ್ಯೆ ನಾನೂ ಉಂಡೀನ್ರಿ."

"ನಿನಗೇನು, ನಿನಗ ರೋಗಿಲ್ಲ."

ಮೂವತ್ತೊಂದು ವರ್ಷ ಬಾಳಿದ ಹೆಂಡತಿ. ಮರುದಿನದಿಂದ ಅವಳ ಮನೆಯಲ್ಲಿ ಬೆಲ್ಲದ ಡಬ್ಬಿಗೆ ಬೀಗ ಬಿತ್ತು. ಬೀಗದ ಕೈ ಸಾಹುಕಾರನ ಶಿವದಾರದಂತೆ ಯಾವಾಗಲೂ ಅವನ ಮೈಮೇಲೆ. ರಾತ್ರಿ ಊಟಕ್ಕೆ ಕೂತರೆ ಮೊದಲ ತುತ್ತು ಅವಳೇ ತಿಂದು ತೋರಿಸಬೇಕು. ಅವಳು ತಿಂದು ತೋರಿಸುತ್ತಿದ್ದಳು. ಆಮೇಲೆ ತಟ್ಟೆ ಅವನ ಕಡೆ ಸರಿಸಿ ಒಳಗೆ ಹೋಗಿಬಿಡುತ್ತಿದ್ದಳು.

ಡಾಕ್ಟರು ಮೂರು ತಿಂಗಳ ಸರಾಸರಿ ತಿಳಿಸುವ ರಕ್ತಪರೀಕ್ಷೆ ಮಾಡಿಸಿದರು. ಚೆನ್ನಾಗಿದೆ ಎಂದು ಬಂತು. ಸಂಶಯ ಇಳಿಯಿತೇ? ಇಲ್ಲ. ಲ್ಯಾಬಿನವನು ಹೆಂಡತಿಯ ತವರೂರಿನವನು ಎಂದು ನೆನಪಾಯಿತು. ಸಂಶಯಕ್ಕೆ ಒಳ್ಳೆಯ ಸುದ್ದಿ ಕೊಟ್ಟು ನೋಡಿ, ಅದನ್ನೂ ಅದು ತನ್ನ ಸಾಕ್ಷಿಯ ಪಟ್ಟಿಗೇ ಸೇರಿಸಿಕೊಳ್ಳುತ್ತದೆ.

ಕೊನೆಗೆ ಸಾಹುಕಾರ ಬುತ್ತಿಯನ್ನೇ ಬಿಟ್ಟ, ಮಧ್ಯಾಹ್ನ ಉಪವಾಸವೇ ಇದ್ದ. ಯಾರಿಗೂ ಹೇಳದೆ ಮಾತ್ರೆಯನ್ನು ಒಂದರ ಬದಲು ಎರಡು ನುಂಗತೊಡಗಿದ. ಬಸಲಿಂಗವ್ವ ಮಾತ್ರ ದಿನವೂ ಬುತ್ತಿ ಹಿಡಿದು ಅಂಗಡಿಗೆ ಬರುವುದನ್ನು ಬಿಡಲಿಲ್ಲ. ಅವನು ಮುಟ್ಟುತ್ತಿರಲಿಲ್ಲ, ಅವಳು ವಾಪಸು ಒಯ್ಯುತ್ತಿದ್ದಳು.

ಹೀಗೆ ಮೂರನೇ ದಿನ. ಮಧ್ಯಾಹ್ನ ಬೆಲ್ಲದ ಹರಾಜಿನಲ್ಲಿ ಸವಾಲು ಕೂಗುತ್ತಿದ್ದಾಗ ಸಾಹುಕಾರನ ನಾಲಿಗೆ ತೊದಲಿತು. ಕೈ ನಡುಗಿತು, ಅಂಗಿ ಬೆವರಿನಲ್ಲಿ ತೊಯ್ದುಹೋಯಿತು. ಗುಮಾಸ್ತ ಓಡಿಬಂದು ಹಿಡಿದ. ಸಾಹುಕಾರ ಅವನನ್ನು ತಳ್ಳಿ ತಾನೇ ಬೆರಳು ಚುಚ್ಚಿಕೊಂಡ. ಇನ್ನೂರ ಅರವತ್ತು.

"ನೋಡು, ಏರೇದ. ಇನ್ನೊಂದ ಗುಳಿಗಿ ಕೊಡು," ಎಂದ.

ಗುಮಾಸ್ತ ಮಾತ್ರೆ ಕೈಗೆ ತೆಗೆದುಕೊಂಡ. ಅಷ್ಟರಲ್ಲಿ ಬಸಲಿಂಗವ್ವ ಬಂದಳು. ಆ ದಿನ ಬೇಗ ಬಂದಿದ್ದಳು, ಏಕೆಂದರೆ ಬೆಳಿಗ್ಗೆ ಮಷೀನಿನ ಚೀಲದಲ್ಲಿ ಇರುವೆ ಕಂಡಿದ್ದಳು. ಸಕ್ಕರೆ ಪರೀಕ್ಷೆಯ ಚೀಲಕ್ಕೆ ಇರುವೆ ಏಕೆ ಬರಬೇಕು? ದಾರಿಯುದ್ದಕ್ಕೂ ಅದನ್ನೇ ಯೋಚಿಸುತ್ತ ಬಂದಿದ್ದಳು. ಈಗ ಗಂಡನ ಕೈ ನೋಡಿದಳು. ಐದೂ ಬೆರಳಿಗೆ ಬೆಲ್ಲ ಮೆತ್ತಿತ್ತು.

ಕೊಡದ ನೀರಲ್ಲಿ ಅವನ ಕೈ ತೊಳೆದಳು, ಸೆರಗಿನಿಂದ ಒರೆಸಿದಳು, ಇನ್ನೊಂದು ಬೆರಳು ಚುಚ್ಚಿದಳು. ನಲವತ್ತೆಂಟು.

"ಬೆಲ್ಲದ ನೀರ ಕೊಡ್ರಿ, ಲಗೂನ," ಎಂದಳು.

ಲೋಟ ತುಟಿಗೆ ಹಿಡಿದರೆ ಸಾಹುಕಾರ ಹಲ್ಲು ಕಚ್ಚಿಕೊಂಡ. ಅರೆಪ್ರಜ್ಞೆಯಲ್ಲೂ ಅವನು ಹೇಳಿದ್ದೇನು ಗೊತ್ತೇ? "ಎಲ್ಲಾರ ಮುಂದನ ಬೆಲ್ಲಾ ಕುಡಸಾಕ್ ಹತ್ಯಾಳ, ನೋಡ್ರಿ."

ಬಸಲಿಂಗವ್ವ ಲೋಟ ಇಳಿಸಲಿಲ್ಲ. "ನನ್ನ ಮ್ಯಾಲ ಸಂಶೆ ಆಮ್ಯಾಲ ಪಡ್ರಿ. ಈಗ ನುಂಗ್ರಿ," ಎಂದಳು.

ಅವನು ನುಂಗಿದ. ಕಾಲು ತಾಸಿನಲ್ಲಿ ಪೂರ್ತಿ ಎಚ್ಚರವಾದ. ಆಸ್ಪತ್ರೆಗೆ ಹೋದರು. ಆ ಎರಡು ಅಂಕಿ ನೋಡಿದ ಡಾಕ್ಟರು, ಮೊದಲು ಮಷೀನು ಅಳೆದದ್ದು ಬೆರಳಿನ ಬೆಲ್ಲವನ್ನು, ರಕ್ತದಲ್ಲಿ ಸಕ್ಕರೆ ಇಳಿದೇ ಹೋಗಿತ್ತು, ಆ ಮೂರನೇ ಮಾತ್ರೆ ನುಂಗಿದ್ದರೆ ನೀವು ನನ್ನವರೆಗೆ ಬರುತ್ತಿರಲಿಲ್ಲ ಎಂದರು.

ಮನೆಗೆ ಬಂದ ಸಾಹುಕಾರ ಬೀಗದ ಕೈಯನ್ನು ಹೆಂಡತಿಯ ಮುಂದೆ ಇಟ್ಟು, "ತಪ್ಪಾತು," ಎಂದ.

ಅವಳು ಅದನ್ನು ಎತ್ತಿಕೊಳ್ಳಲಿಲ್ಲ. "ನೀವ ಹಾಕೀರಿ, ನೀವ ತೆಗೀರಿ," ಎಂದಳು.

ಅವನೇ ಎದ್ದು ಹೋಗಿ ತೆಗೆದ. ಅಷ್ಟಕ್ಕೇ ಎಲ್ಲ ಸರಿಹೋಯಿತೇ? ಹೋಗಲಿಲ್ಲ. ಅವಳು ಅವನ ಜೊತೆ ಕೂತು ಉಣ್ಣಲು ಮತ್ತೆ ಆರು ತಿಂಗಳು ಬೇಕಾಯಿತು.

ಈಗ ನಿಮ್ಮ ವಿಷಯ. ನೀವೇನು ಕಡಿಮೆಯೇ? ಅಂಕಿ ಏರಿದರೆ ಸೊಸೆಯ ಚಹಾದ ಮೇಲೆ ಸಂಶಯ, ಇಳಿದರೆ ಡಾಕ್ಟರ ಮೇಲೆ ಸಂಶಯ. ಮಷೀನು ಸುಳ್ಳು, ಲ್ಯಾಬು ಸುಳ್ಳು. ನಿಮ್ಮ ಕೈ ಒಂದೇ ಸತ್ಯ. ಅದನ್ನು ತೊಳೆದಿದ್ದೀರಾ ಎಂದು ಕೇಳಿದರೆ ಸಿಟ್ಟು ಬರುತ್ತದೆ.

ಇನ್ನು ಮೇಲೆ ಬೆರಳು ಚುಚ್ಚುವ ಮೊದಲು ಸೋಪು ಹಚ್ಚಿ ಕೈ ತೊಳೆಯಿರಿ, ಒಣಗಿಸಿ. ಅಂಕಿ ವಿಚಿತ್ರವಾಗಿ ಬಂದರೆ, ಇಲ್ಲವೇ ಮೈ ಒಂದು ಹೇಳಿ ಮಷೀನು ಇನ್ನೊಂದು ಹೇಳಿದರೆ, ಕೈ ತೊಳೆದು ಮತ್ತೊಮ್ಮೆ ನೋಡಿ. ಬೆವರು, ನಡುಕ ಬಂದರೆ ಅದನ್ನು ಸಣ್ಣದೆಂದು ತಿಳಿಯಬೇಡಿ, ಅಂಕಿ ಇಳಿದಿದ್ದರೆ ಕೂಡಲೇ ಸಿಹಿ ಕುಡಿಯಿರಿ. ಬರೆದಿಟ್ಟು ಡಾಕ್ಟರಿಗೆ ತೋರಿಸಿ. ಮಾತ್ರೆ ಹೆಚ್ಚಿಸುವುದೂ ಇಳಿಸುವುದೂ ಅವರ ಕೆಲಸ, ನಿಮ್ಮದಲ್ಲ.

ಇನ್ನೊಂದು ಮಾತು. ನಾಳೆ ಬೆಳಿಗ್ಗೆ ಪರೀಕ್ಷೆಗೆ ಒಬ್ಬರೇ ಕೂರಬೇಡಿ. ಮನೆಯಲ್ಲಿ ನಿಮಗೆ ಯಾರ ಮೇಲೆ ಸಂಶಯವಿದೆಯೋ ಅವರನ್ನೇ ಪಕ್ಕಕ್ಕೆ ಕರೆಯಿರಿ. ಕೈಗೆ ನೀರು ಅವರು ಹಾಕಲಿ, ಅಂಕಿಯನ್ನು ಅವರೇ ಓದಲಿ. ಅವರು ಓದಿದ್ದನ್ನು ನೀವು ನಂಬಿ.