ಪೂಜಿ ಹೊತ್ತಿಗೆ ಮುಚ್ಚೋ ಕಣ್ಣು

ಶಿವನೇ, ತಲಿಮ್ಯಾಲ ಗಂಗಿ, ಕೊರಳಾಗ ವಿಷ ಇಟ್ಟಕೊಂಡು ತಣ್ಣಗ ಕುಂತ ತಂದಿ, ನಿನಗ ಶರಣು. ಮಾತಿಗೆ ಮೊದಲು ನಿನ್ನ ನೆನಿತೀನಿ. ಬಾಯಿ ತಪ್ಪಿದ್ರ ತಿದ್ದು, ಮನಸ್ಸು ತಪ್ಪಿದ್ರ ಕೈ ಹಿಡಿ.

...ಇಲ್ಲ ಗಂಗಾ, ಹೇಳಿದೆನಲ್ಲ, ಅದು ನನ್ನ ಕೈಯಾಗಿಲ್ಲ. ‘ಗ್ವಾಡಿ ಮ್ಯಾಲಿನ ಕ್ಯಾಮೆರಾ ನನ್ನ ಫೋನಿಗೂ ಹಾಕ್ಕೊಡ್ರಿ’ ಅಂದ್ರ ನಾ ಎಲ್ಲಿಂದ ಹಾಕ್ಕೊಡ್ಲಿ? ಅದರ ಯಜಮಾನ ನನ್ನ ಮಗ ಕೊಟ್ರೇಶ. ನಿನ್ನ ಗಂಡ. ಅಂವ ಗದ್ವಾಲದಾಗ ಬೀಜದ ಅಂಗಡ್ಯಾಗ ಕುಂತು ಮಕ್ತಲದ ಈ ಪಡಸಾಲಿ ನೋಡ್ತಾನ. ನನ್ನ ಫೋನಿನಾಗ ನನಗ ಕೊಟ್ಟದ್ದು ಒಂದ ಗುಂಡಿ. ಪೂಜಿ ಹೊತ್ತಿಗೆ ಬಂದ್ ಮಾಡೋದು, ಪೂಜಿ ಮುಗಿದ ಮ್ಯಾಲ ಚಾಲೂ ಮಾಡೋದು. ಅಂಗೈಮ್ಯಾಲ ಲಿಂಗ ಇಟ್ಟಕೊಂಡಾಗ ಹೊರಗಿನ ಕಣ್ಣು ಬೀಳಬಾರದು, ಅದಕ್ಕ. ಅಷ್ಟ.

ನಗ್ತಿ ಯಾಕ? ಒಂದ ಗುಂಡಿ ಅಂದದ್ದಕ್ಕ? ನಗು ತಾಯಿ, ನಗು. ನಾಲ್ಕು ದಿನ ಆತು ಈ ಮನ್ಯಾಗ ನಿನ್ನ ಹಲ್ಲು ಕಂಡು.

ಕುಂದ್ರು ಸ್ವಲ್ಪ. ಈಗಿನ್ನೂ ಪೂಜಿ ಮುಗದೈತಿ, ಅದನ್ನ ಚಾಲೂ ಮಾಡಿಲ್ಲ. ನಿರಾಳ ಮಾತಾಡು. ಬಸ್ಸು ಒಂಬತ್ತೂವರಿಗಲ್ಲೇನು? ನಾರಾಯಣಪೇಟ ಅಂದ್ರ ಒಂದ ತಾಸು. ಹನ್ನೊಂದಕ್ಕ ಬಾ ಅಂದಾರ... ಗೊತ್ತು, ಗೊತ್ತು, ಇವತ್ತ ತಪ್ಪಿದ್ರ ಇನ್ನೊಬ್ಬರಿಗೆ ಕೊಡ್ತಾರ. ಸೋಮವಾರ ಬಾಗಿಲತನಕ ಹೋಗಿ ತಿರುಗಿ ಬಂದಾಕಿನ್ನ ಇನ್ನೊಮ್ಮೆ ಕರದ್ರಲ್ಲ, ಆ ನೇಕಾರ ಸಂಘದ ಶಂಕರಯ್ಯಗ ಪುಣ್ಯ ಬರಲಿ. ಸೀರಿ ಅಂಚಿಗೆ ಚಿತ್ರ ಬಿಡಿಸೋ ಕೆಲಸ! ನೀ ಬರದ ಆ ಚೌಕಳಿ ಹಾಳಿ ನೋಡೀನಿ ನಾ. ಅಕ್ಕಿ ಡಬ್ಬಿ ಹಿಂದ ಮುಚ್ಚಿಟ್ಟಿದ್ದಿಯಲ್ಲ... ಹಂಗ್ಯಾಕ ಹುಬ್ಬು ಏರಿಸ್ತಿ? ಮುಟ್ಟಿಲ್ಲವ್ವಾ, ನೋಡೀನಿ ಅಷ್ಟ. ಸಾಲಾಗಿ ಗುಡಿ ಗೋಪುರ, ಒಂದರ ಪಕ್ಕ ಒಂದು. ಕೈ ಮುಗೀಬೇಕು ಅನಿಸ್ತು.

ಹೋಗಬ್ಯಾಡ ಅನ್ನಾಕಿ ನಾನಲ್ಲ. ‘ನನ್ನ ಹೆಂಡ್ತಿ ಮಂದಿ ಕಚೇರಿಗೆ ಯಾಕ ಹೋಗಬೇಕು’ ಅಂತ ಅಂವ ಅಂತಾನ. ಅಂವ ಅನ್ನೋದನ್ನ ಆ ಗ್ವಾಡಿ ಮ್ಯಾಲಿಂದು ಕಾಯ್ತೈತಿ.

ಅದನ್ನ ತಂದಾಗ ಏನಂದಿದ್ದ, ನೆನಪೈತೇನು? ಓಣ್ಯಾಗ ಕುರುಮಮ್ಮನ ಮನಿ ಬೀಗ ಒಡದ್ರು, ಹಿತ್ತಾಳಿ ಕೊಡ ಹೋದುವು. ‘ಅವ್ವಾ, ನಿಮ್ಮಿಬ್ಬರ ಕಾವಲಿಗೆ’ ಅಂದ. ಮೊಬೈಲ್ ಅಂಗಡಿ ಮಾರೆಪ್ಪ ಏಣಿ ಹತ್ತಿ ಕುಂದ್ರಿಸಿದ. ನಾನು, ಹುಚ್ಚಿ, ಮನಿ ಕಾಯಾಕ ಬಂದೈತಲ್ಲ ಅಂತ ಅದಕ್ಕ ವಿಭೂತಿ ಹಚ್ಚಿ ಆರತಿ ಮಾಡಿದೆ! ಮಾರೆಪ್ಪ ಏಣಿಮ್ಯಾಲೇ ಬಿದ್ದು ಬಿದ್ದು ನಕ್ಕ. ‘ಅಮ್ಮಾ, ಕಣ್ಣಿಗೇ ಬಳದ್ರ ಅದಕ್ಕೇನ್ ಕಾಣಬೇಕ್ರಿ?’ ಅಂದ. ಒರಿಸಿ ಕೊಟ್ಟೆ. ನನ್ನ ಕೈಲೇ ಒರಿಸಿ ಕೊಟ್ಟೆ ನೋಡು. ಒಂದ ವಾರ ತಲಬಾಗಿಲ ಕಡಿ ನೋಡ್ತು. ಆಮ್ಯಾಲ ಒಂದಿನ ಗುಂಯ್ ಅಂತ ಕುತ್ತಿಗಿ ತಿರುವಿ ಒಳಗ ನೋಡ್ತು. ಅಡಿಗಿಮನಿ ಕಡಿ. ನಿನ್ನ ಕಡಿ.

ಮತ್ತ ಮಗನ ದನ್ಯಾಗ ಮಾತಾಡಾಕ ಸುರು ಮಾಡ್ತು. ‘ಅವ್ವಾ, ಗಂಗಾ ಎಲ್ಲಿ? ಯಾರ ಜೋಡಿ ಫೋನಾಗ ಅದಾಳ?’ ಕುರುಮಮ್ಮ ಮಜ್ಜಿಗಿ ಇಸಗೊಳ್ಳಾಕ ಬಂದಿದ್ಳು, ಗ್ವಾಡ್ಯಾಗಿಂದ ‘ಯಾರಾಕಿ?’ ಅಂತು. ಚಪ್ಪಲಿ ಬಿಟ್ಟು ಓಡಿದ್ಳು! ಇವತ್ತಿಗೂ ಅಂಗಳದಾಗ ನಿಂತೇ ಕೂಗ್ತಾಳ, ‘ಹಂಪಮ್ಮಾ, ನಿಮ್ಮ ಗ್ವಾಡಿ ಮಲಗೈತೇನು?’ ಅಂತ. ...ಹಾಂ, ಈಗ ಖರೇ ನಕ್ಕಿ.

ನೀನೇ ಹೇಳು, ನಾ ಅದರ ಕೈಯಾಗ ಸಿಕ್ಕಿಲ್ಲೇನು? ಸೆರಗು ಸರಿದ್ರ ನಾಚಿಕಿ. ಕಾಲು ಚಾಚಾಕ ನಾಚಿಕಿ. ಹೆತ್ತ ಮಗನ ಮುಂದ ಆಕಳಿಸಾಕ ಅಂಜೋ ಹಂಗಾತು. ಅರ್ಧ ತಾಸಿನ ಪೂಜಿ ಒಂದ ತಾಸಾತು, ಒಂದೂವರಿ ತಾಸಾತು. ಹಂಪಮ್ಮಗ ಭಕ್ತಿ ಹೆಚ್ಚಾಗೈತಿ ಅಂತಾರ ಊರ ಮಂದಿ. ಶಿವನಿಗೆ ಗೊತ್ತು. ಲಿಂಗ ನೋಡ್ತಾ ಕುಂತಿರ್ತೀನಿ, ಸುಳ್ಳಲ್ಲ. ಆದ್ರ ಕೆಲವೊಮ್ಮೆ... ಸುಮ್ಮನ ಕಾಲು ಚಾಚಿರ್ತೀನಿ. ಆ ತಂದಿ ಬ್ಯಾಡ ಅನ್ನೂದಿಲ್ಲ. ಅವನೂ ನೋಡ್ತಾನ, ಆದ್ರ ಕೇಳೂದಿಲ್ಲ, ಗಂಗಾ ಎಲ್ಲಿ ಅಂತ.

ಸೋಮವಾರ ನಿನ್ನ ಸಲುವಾಗಿ ಮೂರೂವರಿ ತಾಸು ಕುಂತೆ, ಮರೀಬ್ಯಾಡ. ‘ಅತ್ತೀ, ನೀವು ಪೂಜಿಗೆ ಕುಂದರ್ರಿ, ಅಷ್ಟರಾಗ ಹೋಗಿ ಬರ್ತೀನಿ’ ಅಂದಿ. ಗುಂಡಿ ಒತ್ತಿ ಕುಂತೆ. ಅದು ನೆಟ್ಟಗ ಬಂದ್ ಆಗಲಿಲ್ಲ, ನಾ ಏನ್ ಮಾಡ್ಲಿ? ನಡುವ ತಾನಾಗೇ ಚಾಲೂ ಆಗಿರಬೇಕು. ನೀ ಹೊಸ್ತಿಲ ದಾಟಿದ್ದು ಅಂವ ನೋಡ್ಯಾನ. ಅಲ್ಲಿ ನಿನ್ನ ಹೆಸರು ಕರೆಯೋ ಹೊತ್ತಿಗೆ ಸರಿಯಾಗಿ ಫೋನ್ ಮಾಡ್ಯಾನ. ‘ತಿರುಗಿ ಬರ್ತಿಯೋ, ನಾನೇ ಬರ್ಲೋ’ ಅಂದನಂತಲ್ಲ... ಯಂತ್ರದ ತಪ್ಪಿಗೆ ಯಾರನ್ನ ಬೈಯಬೇಕು ಯವ್ವಾ?

ಏನು? ...ಮಾರೆಪ್ಪ ಹಂಗಂದ್ನಾ? ಯಾವಾಗ ಸಿಕ್ಕಿದ್ದ ನಿನಗ? ನನಗೂ ಯಜಮಾನನಷ್ಟೇ ಅಧಿಕಾರ ಐತಿ, ಬೇಕಾದವರನ್ನ ಸೇರಿಸಬಹುದು ಅಂತ... ಅವನ ಬಾಯಿಗೆ ಮಣ್ಣ... ಇಲ್ಲ, ಇಲ್ಲ, ಶಿವ ಶಿವಾ, ಅವನ ಬಾಯಿ ತಣ್ಣಗಿರಲಿ. ಹಾಕಿದ ದಿನ ಎರಡೂ ಫೋನಿಗೆ ಒಂದೇ ನಮೂನಿ ಹಾಕಿರಬೇಕು. ನನಗೇನ್ ತಿಳೀತೈತಿ ಅದರಾಗಿಂದು, ಇಂಗ್ಲಿಷ್ ಅಕ್ಷರ...

ಹೌದು. ಇಂಗ್ಲಿಷಲ್ಲ, ತೆಲುಗಿನಾಗ ಐತಿ. ಹೌದು, ತೆಲುಗು ಭಜನಿ ಪುಸ್ತಕ ಓದ್ತೀನಿ. ಅದು ಬ್ಯಾರೆ.

ಹಂಗ ಫೋನಿಗೆ ಕೈ ಚಾಚಿ ನಿಂದ್ರಬ್ಯಾಡ ಗಂಗಾ. ಬೈಯಿ. ಅಳು. ತಡಿ. ತಡಿ, ನಾನೇ ಮಾಡ್ತೀನಿ. ಇಲ್ಲಿ ಮನಿ ಮಂದಿ ಅಂತ ಐತಲ್ಲ, ಅದನ್ನ ಒತ್ತಬೇಕು. ನಿನ್ನ ನಂಬರ್... ಹೋತು. ಟಿಣ್ ಅಂತು ನೋಡು ನಿನ್ನ ಫೋನು. ಒಪ್ಪಿಗಿ ಅನ್ನೋದು ಒತ್ತು. ಮುಗೀತು. ಕೊಟ್ರೇಶ, ಹಂಪಮ್ಮ, ಶಿವಗಂಗಾ. ಮೂರು ಹೆಸರು. ಈಗ ನೀ ಬೇಕಾದಾಗ ಬಂದ್ ಮಾಡಿ ಹೋಗಬಹುದು. ಸಾಕಲ್ಲ? ನಡಿ, ಬಸ್ಸಿಗೆ ಹೊತ್ತಾತು.

ನಡಿ ಅಂದೆ.

ಏನ್ ನೋಡಾಕತ್ತಿ ಅದರಾಗ? ಹಿಂದಿನ ದಿನದ್ದೆಲ್ಲ ಯಾಕ ತಗೀತಿ? ...ಗಂಗಾ, ಅದನ್ನ ಬಿಡು. ಅದೆಲ್ಲಾ ಬರದಿಡ್ತೈತಿ, ಗೊತ್ತು ನನಗ. ಯಾವಾಗ ಬಂದ್, ಯಾವಾಗ ಚಾಲೂ, ಯಾರ ಕೈಲಿ. ಅದಕ್ಕ... ಅದಕ್ಕ ಕೊಡಾಕ ಬ್ಯಾಡ ಅನಿಸಿತ್ತು.

ಸೋಮವಾರ. ಏಳೂ ಹತ್ತಕ್ಕ ಬಂದ್. ಹತ್ತೂ ನಲವತ್ತಕ್ಕ ಚಾಲೂ. ಎರಡೂ ಕಡಿ ನನ್ನ ಹೆಸರು. ನಡುವ ಒಮ್ಮೆನೂ ಅದು ಕಣ್ಣು ತೆರದಿಲ್ಲ.

ಅಂವ ಫೋನ್ ಮಾಡಿದ್ದ. ಹ್ಞೂಂ, ನನಗ ಮಾಡಿದ್ದ. ಲಿಂಗ ಅಂಗೈಮ್ಯಾಲಿತ್ತು, ಗಂಗಾ ಎಲ್ಲಿ ಅಂದ. ಲಿಂಗ ಹಿಡಕೊಂಡು ಸುಳ್ಳು ಹೇಳಾಕ ಬರ್ತೈತೇನು? ದೀಕ್ಷಾ ತಗೊಂಡಾಕಿ ನಾ. ನೀನೇ ಹೇಳು, ಹೆಂಗ ಹೇಳ್ಲಿ...

ಹಂಗ ನೋಡಬ್ಯಾಡ.

ಹಂಗ ನೋಡಬ್ಯಾಡ ಯವ್ವಾ.

...ಇಲ್ಲ. ಅಂವ ಮಾಡಿಲ್ಲ. ನಾನೇ ಮಾಡಿದೆ. ಎಡಗೈಯಾಗ ಲಿಂಗ, ಬಲಗೈಯಾಗ ಫೋನು. ‘ಆಕಿ ನಾರಾಯಣಪೇಟಕ್ಕ ಹೋಗ್ಯಾಳ’ ಅಂದೆ. ಅಷ್ಟ ಅಂದೆ. ಇಟ್ಟೆ.

ಯಾಕಂದ್ರ... ನೀ ಹೋದ ಮ್ಯಾಲ ಮನಿ ಬಿಕೋ ಅಂತಿತ್ತು ಗಂಗಾ. ಆವತ್ತೇನೋ ಅದು ಬಂದ್ ಇತ್ತು. ನಾಳಿ? ನೀ ದಿನಾ ಹೊಂಟ್ರ, ದಿನಾ ಅದು, ನಾನು. ಬೆಳಗಿಂದ ಸಂಜೀತನ. ಎಷ್ಟಂತ ಪೂಜಿಗೆ ಕುಂದ್ರಲಿ? ಕುತ್ತಿಗಿ ತಿರುವಿ ತಿರುವಿ ನೋಡಾಕ ಅದಕ್ಕ ನಾ ಒಬ್ಬಾಕೀನೇ ಉಳಿತೀನಿ. ಇಷ್ಟು ದಿನ ಅದು ನಿನ್ನ ನೋಡ್ತಿತ್ತು. ನಿನ್ನ ಮರೆಯಾಗ ನಾ ಅಡಗಿ ಕುಂತಿದ್ದೆ. ಭಕ್ತಿ ಅಂತ ಹೆಸರಿಟ್ಟಕೊಂಡು ಕುಂತಿದ್ದೆ.

ಏನ್ ಒತ್ತಿದಿ? ...ಅಯ್ಯ, ಕ್ಯಾಮೆರಾದ ದೀಪ ಹತ್ತಿತಲ್ಲ! ಚಾಲೂ ಆತು ಗಂಗಾ! ಬಂದ್ ಮಾಡಾಕಂತ ಕೇಳಿದಾಕಿ ನೀನು... ಅದರ ಮುಂದೇ ಹೊಂಟ್ಯಾ? ಹಾಳಿ ಸುರಳಿ ಎತ್ತಿ ಹಿಡಕೊಂಡು, ಅದರ ಕಣ್ಣಿಗೆ ಕಾಣೋ ಹಂಗ?

ಹೋಗಿ ಬರ್ತೀನಿ ಅನ್ನವ್ವಾ. ಒಂದ ಮಾತು.

...ಹೊಸ್ತಿಲ ದಾಟಿದ್ಳು.

ಗುಂಯ್ ಅಂತೈತಿ. ಬಾಗಿಲ ಕಡಿ ತಿರುಗ್ತು. ಈಗ ಈ ಕಡಿ, ನನ್ನ ಕಡಿ... ಹೌದಪ್ಪ ಕೊಟ್ರೇಶ, ನಾನೇ. ಎಲ್ಲಿಗೆ ಹೋದ್ಳು ಅಂತ ಕೇಳ್ತಿಯೇನು? ಕೇಳು. ಈ ಸಲ ನಾ ಹೇಳೂದಿಲ್ಲ. ನೀ ಎಷ್ಟು ಹೊತ್ತು ನೋಡ್ತೀಯೋ ಅಷ್ಟು ಹೊತ್ತು ನಾ ಇಲ್ಲೇ ಕುಂತಿರ್ತೀನಿ. ಇನ್ನ ನನಗ ಎಲ್ಲಿಗೆ ಹೋಗೂದೈತಿ?

ಶಿವನೇ, ದಾರಿ ಹಿಡಿದಾಕಿಗೆ ಬಸ್ಸು ಸಿಗಲಿ, ಆಕಿ ಹೆಸರು ಕೂಗೋರ ದನಿ ಗಟ್ಟಿ ಇರಲಿ. ಗ್ವಾಡಿ ಆಚಿಂದ ಕೇಳೋ ನನ್ನ ಮಗನ ಮನಸ್ಸು ತಂಪಾಗಲಿ. ಈ ಪಾಪಿ ಬಾಯಿ ಮಾತಿಗೆ ಕಿವಿ ಕೊಟ್ಟು ಕುಂತ ಎಲ್ಲರಿಗೂ, ಯಾರ ಕಣ್ಣಿಗೂ ಅಂಜದ ಒಂದ ಹಗಲು ಸಿಗಲಿ.